ದನದ ಡಾಕ್ಟರಿಗೆ ಬಂದ ಪರದೇಶಿ ರೋಗಿಗಳು

ರಾಮನಗರ, ಕನಕಪುರದ ಕಡೆಯ ದನದ ಆಸ್ಪತ್ರೆಗಳಲ್ಲಿ ಸರ್ವೀಸ್ ಮಾಡಿದವನು ನಾನು. ಕೈ ಪಳಗಿದ್ದು ಹಸು, ಎಮ್ಮೆ, ಕುರಿಗಳ ಮೇಲೆ. ಎರಡು ಸಾವಿರದ ಇಸವಿ ದಾಟಿ ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳೆದ್ದವು, ಹೊಸ ಜನ ಬಂದರು, ಅವರ ಹಿಂದೆಯೇ ಹೊಸ ಪ್ರಾಣಿಗಳೂ ಬಂದವು. ಏನೆಂದು ಯಾರಿಗೂ ತಿಳಿಯದ ಜೀವವೆಲ್ಲ ಕೊನೆಗೆ ನನ್ನ ಮೇಜಿನ ಮೇಲೇ ಬಂದು ಕೂರುತ್ತಿತ್ತು.

ಉಪವಾಸದ ಹಕ್ಕಿ

ಸಾತನೂರಿನ ಕಡೆಯ ರೈತನೊಬ್ಬ ಒಂದು ಜೊತೆ ಎಮು ಸಾಕಿದ್ದ. ಆಳೆತ್ತರದ ಹಕ್ಕಿ. ಮೊಟ್ಟೆಯೋ ಕಡು ಹಸಿರು. ಕಾವಿಗೆ ಕೂತದ್ದು ಮೂರು ವಾರದಿಂದ ಮೇವು ಮುಟ್ಟಿಲ್ಲ, ಬಾಣಂತಿ ಸತ್ತೇಹೋಗ್ತಾಳೆ ಅಂತ ಅಳುಮೋರೆ ಹಾಕಿಕೊಂಡು ಬಂದ. ನಾನು ಪುಸ್ತಕ ತಿರುವಿಕೊಂಡೇ ಅವನ ಹೊಲಕ್ಕೆ ಹೋದೆ. ನೋಡಿದರೆ ಕೂತಿದ್ದು ಗಂಡು. ಈ ಜಾತಿಯಲ್ಲಿ ಗಂಡೇ ಕಾವು ಕೊಡೋದು, ಮರಿ ಆಗೋವರೆಗೂ ಅನ್ನ ನೀರು ಕೇಳಲ್ಲ, ಹೆದರಬೇಡಿ ಅಂದೆ. ಹೆಣ್ಣು ಎಲ್ಲಿ ಅಂತ ನೋಡಿದರೆ ಬೇಲಿ ಪಕ್ಕ ಆರಾಮವಾಗಿ ಮೇಯುತ್ತಿತ್ತು.

ರೈತನ ಹೆಂಡತಿ, ಐದು ಮಕ್ಕಳ ತಾಯಿ, ಆ ಗಂಡು ಹಕ್ಕಿಯನ್ನೇ ಬಹಳ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ ಅಂದಳು: "ಇದ ಮಾತ್ರ ಮಾರ್ಬ್ಯಾಡ. ನಿನ್ ಕಣ್ಣೆದುರ್ಗೇ ಇರ್ಲಿ."

ಒಬ್ಬನೇ ಗಿರಾಕಿ

ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಸಾಹೇಬರೊಬ್ಬರು, ಮೊಮ್ಮಗಳು ಬೆಂಗಳೂರಿನಿಂದ ತಂದ ಹ್ಯಾಮ್‌ಸ್ಟರನ್ನು ಟೋಪಿಯಲ್ಲಿಟ್ಟುಕೊಂಡು ಬಂದರು. ಬಾಲವೇ ಇಲ್ಲದಂಥ ದುಂಡನೆಯ ಇಲಿ. ಹಲ್ಲು ಉದ್ದ ಬೆಳೆದು ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ನಾನೇ ಹಲ್ಲು ಕತ್ತರಿಸಿದೆ. ಇನ್ನು ಕಡಿಯೋದಕ್ಕೆ ಒಂದು ಮರದ ಚೂರು ಹಾಕಿ ಅಂದೆ.

ಬರೀ ಚೂರು ಹಾಕಲು ಅವರಿಗೆ ಮನಸ್ಸು ಬರಲಿಲ್ಲವಂತೆ. ದಿನಕ್ಕೊಂದು ಪುಟ್ಟ ಆನೆ, ಕುದುರೆ ಕಡೆದು, ನುಣುಪು ಮಾಡಿ ಕೊಟ್ಟರು. ತಿಂಗಳಾದ ಮೇಲೆ ಪೇಟೆಯಲ್ಲಿ ಸಿಕ್ಕಾಗ, ಹ್ಯಾಗಿದೆ ಅಂತ ಕೇಳಿದೆ.

"ನಲವತ್ತು ವರ್ಷದಿಂದ ಬೊಂಬೆ ಮಾಡ್ತಿದೀನಿ ಸಾರ್," ಅಂದರು. "ಆಮೇಲೆ ಬರ್ತೀನಿ ಅನ್ನದೆ, ಬಣ್ಣ ಸರಿಯಿಲ್ಲ ಅನ್ನದೆ, ಕೊಟ್ಟಿದ್ದನ್ನ ಪೂರ್ತಿ ಮುಗಿಸೋ ಗಿರಾಕಿ ಇವನೊಬ್ಬನೇ."

ಹಸಿರು ಓತಿ

ಕನಕಪುರದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ಒಬ್ಬ ಅಜ್ಜಿಯ ಮನೆಗೆ ಫ್ಯಾಕ್ಟರಿ ಇಂಜಿನಿಯರೊಬ್ಬ ಬಾಡಿಗೆಗೆ ಬಂದಿದ್ದ. ಅವನ ಹತ್ತಿರ ಇಗ್ವಾನ ಇತ್ತು. ನಮ್ಮ ಓತಿಕ್ಯಾತದಂಥದ್ದೇ, ಆದರೆ ಮೊಳಕ್ಕೂ ಉದ್ದ, ಹಸಿರು ಬಣ್ಣ. ಅವನು ಒಂದು ತಿಂಗಳು ಊರಿಗೆ ಹೋಗುವಾಗ ಅದನ್ನು ಅಜ್ಜಿಗೆ ಒಪ್ಪಿಸಿ ಹೋದ. ಎರಡೇ ದಿನಕ್ಕೆ ಅದು ತಿನ್ನುವುದು ಬಿಟ್ಟಿತು. ಅಜ್ಜಿ ಹುಳು ಸಾಕುವ ತಟ್ಟೆಯಲ್ಲಿ ಅದನ್ನು ಮಲಗಿಸಿ, ಸೆರಗು ಹೊದಿಸಿ ತಂದರು. ನಂಬಿ ಬಿಟ್ಟು ಹೋದ ಜೀವ ನನ್ನ ಕೈಲಿ ಹೋದರೆ ಹೆಂಗೆ ಅಂತ ಕಣ್ಣು ಒರೆಸಿಕೊಂಡರು. ನಾನು ಬೆಂಗಳೂರಿನ ಸ್ನೇಹಿತನಿಗೆ ಫೋನ್ ಮಾಡಿ ಕೇಳಿದೆ. ಬಿಸಿಲಿಗಿಡು, ಸೊಪ್ಪು ಕೊಡು, ಹಿಪ್ಪುನೇರಳೆಯೂ ಆಗುತ್ತೆ ಅಂದ. ಅಜ್ಜಿಯ ಮುಖ ಅರಳಿತು. ಹುಳುವಿಗೆ ಹಾಕಲು ಅವರ ತೋಟದ ತುಂಬ ಬೆಳೆದಿದ್ದು ಅದೇ ಸೊಪ್ಪು.

ಹದಿನೈದು ದಿನದ ಮೇಲೆ ಮತ್ತೆ ಬಂದರು. ಚೆನ್ನಾಗಿ ಮೇಯ್ತಿತ್ತು, ಈಗ ಮೇವು ಬಿಟ್ಟು ಸುಮ್ಮನೆ ಕೂತೈತೆ, ಚರ್ಮ ಬೆಳ್ಳಗಾಗೈತೆ ಅಂದರು. ಪೊರೆ ಬಿಡ್ತಿದೆ ಅಜ್ಜಿ, ಭಯವೇನಿಲ್ಲ ಅಂದೆ. ಅದೆಲ್ಲ ನನಗೆ ಗೊತ್ತು ಅನ್ನುವಂತೆ ತಲೆಯಾಡಿಸಿದರು. ಹುಳು ಸಾಕುವವರಿಗೆ ಪೊರೆ ಬಿಡುವುದು ಹೊಸದಲ್ಲವಲ್ಲ. ಆದರೂ ಹೋಗದೆ ನಿಂತಿದ್ದರು. ಇನ್ನೇನಜ್ಜಿ ಅಂದೆ.

ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಗೂಡು ಯಾವಾಗ ಕಟ್ತದೆ ಸಾ? ಈ ಗಾತ್ರದ್ ಗೂಡ ನಮ್ ರೇಷ್ಮೆ ಮಾರ್ಕೆಟ್ಟಲ್ಲಿ ಯಾರೂ ಕಂಡಿಲ್ಲ, ಮೊದ್ಲೇ ಯೋಳ್ಬುಟ್ಟು ಬರಾವ ಅಂತ."