ಮಲಂಗಸಾಬರ ಮನೆ ಮುಂದೆ ನಿಲ್ಲುವ ವ್ಯಾನು

ಅಶ್ಫಾಕನ ಹಳೇ ವ್ಯಾನಿಗೆ ಒಂದೇ ಒಂದು ಚಟ. ಶಿರಹಟ್ಟಿಯ ಬೇಕರಿಯಿಂದ ಬ್ರೆಡ್ಡು, ಖಾರಿ ತುಂಬಿಕೊಂಡು ಹೊರಟರೆ ದಾರಿಯುದ್ದಕ್ಕೂ ಸಾಧು ಎತ್ತಿನಂತೆ ಓಡುತ್ತಿತ್ತು. ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರಿ ಮಲಂಗಸಾಬರ ಮನೆ ಬಂತೋ, ಅಲ್ಲೇ ಉಸಿರು ಬಿಡುತ್ತಿತ್ತು. ಅರ್ಧ ತಾಸು ಬಿಟ್ಟು ಕೀಲಿ ತಿರುವಿದರೆ ಏನೂ ಆಗೇ ಇಲ್ಲವೆಂಬಂತೆ ಚಾಲೂ.

ಊರಲ್ಲಿ ಬೇರೆ ಮನೆಗಳಿರಲಿಲ್ಲವೇ? ಆ ಮನೆಯ ಮಗಳು ಅಮೀರಾಳನ್ನೇ ಮದುವೆಯಾಗಬೇಕೆಂದು ಅಶ್ಫಾಕನ ಆಸೆ. ಮಲಂಗಸಾಬರು ಕಟ್ಟೆಯ ಮೇಲೆ ಕೂತು ದಿನಾ ನೋಡುತ್ತಿದ್ದರು. ಅವರ ಹೆಂಡತಿ ಜೈಬುನ್ನೀಸಾ ಚಹಾ ಕಳಿಸುತ್ತಿದ್ದರು. ಅಶ್ಫಾಕ ನಾಚಿಕೆಯಿಂದ ತಲೆ ಎತ್ತದೆ ಕುಡಿಯುತ್ತಿದ್ದ. ಒಂದು ಗಾಡಿ ನಡೆಸಲಾಗದವನು ಸಂಸಾರ ಹೇಗೆ ನಡೆಸಿಯಾನು ಎಂದು ಅವರಿಗೆ ಅನ್ನಿಸಿದರೆ ಕತೆ ಮುಗಿದಂತೆಯೇ.

ಒಂದು ದಿನ ಅಶ್ಫಾಕನ ನೆರೆಮನೆಯ ಹುಚ್ಚೀರಪ್ಪ ಅವನ ಪರವಾಗಿ ಸಂಬಂಧ ಕೇಳಲೆಂದು ಬೆಳಗಿನ ಬಸ್ಸಿಗೇ ಲಕ್ಷ್ಮೇಶ್ವರಕ್ಕೆ ಹೋಗಿದ್ದ. ಇವತ್ತೊಂದು ದಿನ ಮಾನ ಉಳಿಯಲಿ ಎಂದು ಅಶ್ಫಾಕ ಶಿರಹಟ್ಟಿಯ ತನ್ನ ಓಣಿಯಲ್ಲೇ ವ್ಯಾನಿನ ಸೀಟೆತ್ತಿ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತ.

ಓಣಿಯವರಿಗೆ ಅಷ್ಟೇ ಸಾಕಾಯಿತು. ಒಬ್ಬರು ಪೆಟ್ರೋಲನ್ನು ಮಜ್ಜಿಗೆಯಂತೆ ಮೂಸಿ ನೀರು ಬೆರೆತಿದೆ ಎಂದರು. ಎದುರು ಮನೆಯ ರಹಿಮತಬಿ ದೃಷ್ಟಿಯಾಗಿದೆ ಎಂದು ಒಣಮೆಣಸಿನಕಾಯಿ ಇಳಿದೆಗೆದು ಕೆಂಡಕ್ಕೆ ಹಾಕಿದಳು. ಓಣಿಯೆಲ್ಲ ಕೆಮ್ಮಿತು, ವ್ಯಾನು ಮಾತ್ರ ಕೆಮ್ಮಲಿಲ್ಲ.

ಅಶ್ಫಾಕ ಯಾರ ಮಾತಿಗೂ ಕಿವಿಗೊಡಲಿಲ್ಲ. ಎಂಜಿನ್ ಕಾದು ತಾನಾಗಿಯೇ ನಿಲ್ಲುವವರೆಗೂ ಚಾಲೂ ಇಟ್ಟ. ನಿಂತ ಕೂಡಲೇ ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು ಒಬ್ಬ ಹುಡುಗನ ಕೈಲಿ ಕೀಲಿ ತಿರುವಿಸಿದ. ಕಿಡಿ ಹಾರಲಿಲ್ಲ. ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಬದಲಿಸಿದರೂ ಹಾರಲಿಲ್ಲ. ಉಳಿದದ್ದು ಕಿಡಿಗೆ ಹುಕುಂ ಕೊಡುವ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ. ಜ್ವರ ಬಂದವರ ಹಣೆಗೆ ಹಾಕುವಂತೆ ಅದರ ಮೇಲೆ ಒದ್ದೆ ಬಟ್ಟೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುವಿಸಿದ. ನೀಲಿ ಕಿಡಿ ಚಟ್ಟನೆ ಹಾರಿತು.

"ಸಿಕ್ಕ ನೋಡ್ರಿ ಕಳ್ಳ," ಎಂದ ಅಶ್ಫಾಕ. "ಕಾದ್ರ ಸಾಯ್ತೈತಿ, ಆರಿದ್ರ ಎದ್ದು ಕುಂಡರ್ತೈತಿ."

ಶಿರಹಟ್ಟಿಯಿಂದ ಹೊರಟ ಪೆಟ್ಟಿಗೆ ಸರಿಯಾಗಿ ಕಾಯುವ ಹೊತ್ತಿಗೆ ಮಲಂಗಸಾಬರ ಮನೆ ಬರುತ್ತಿತ್ತು, ಅಷ್ಟೇ. ಗದಗಿನ ಅಂಗಡಿಗೆ ಫೋನು ಮಾಡಿದ. ಅವರು ಬಸ್ಸಿನ ಡ್ರೈವರನ ಕೈಲಿ ಹೊಸ ಪೆಟ್ಟಿಗೆ ಕೊಟ್ಟು ಕಳಿಸಿದರು. ಕೂಡಿಸಿ ಎಷ್ಟು ಹೊತ್ತು ಓಡಿಸಿದರೂ ವ್ಯಾನು ನಿಲ್ಲಲಿಲ್ಲ. ರಹಿಮತಬಿ ಅದು ತನ್ನ ಮೆಣಸಿನಕಾಯಿಯ ಪ್ರತಾಪವೆಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಖುಷಿಯಲ್ಲಿ ಅಶ್ಫಾಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಸಂಜೆ ವ್ಯಾನು ಮಲಂಗಸಾಬರ ಮನೆ ಮುಂದೆ ರಾಜಗಾಂಭೀರ್ಯದಿಂದ ಹಾದುಹೋಯಿತು. ಮರ್ಯಾದಸ್ಥ ಹುಡುಗನಾದ್ದರಿಂದ ಅಶ್ಫಾಕ ಆ ಕಡೆ ಕತ್ತು ಕೂಡ ಹೊರಳಿಸಲಿಲ್ಲ. ಕಟ್ಟೆ ತುಂಬ ಇದ್ದ ಜನ ಎದ್ದು ಕೈ ಎತ್ತಿದ್ದು ಕನ್ನಡಿಯಲ್ಲಿ ಕಂಡಿತು. ಭೇಷ್ ಅನ್ನುತ್ತಿದ್ದಾರೆಂದು ಹಿಗ್ಗಿ ಜೋರಾಗಿ ಹಾರ್ನ್ ಹೊಡೆದ.

ಬಜಾರದಲ್ಲಿ ಬ್ರೆಡ್ಡು ಇಳಿಸುತ್ತಿದ್ದಾಗ ಹುಚ್ಚೀರಪ್ಪ ಏದುಸಿರು ಬಿಡುತ್ತ ಓಡಿಬಂದ.

"ಎಲ್ಲಾ ಪಕ್ಕಾ ಆಗಿತ್ತಲೇ. ಹುಡುಗ ದಿನಾ ಗಾಡಿ ಕೆಟ್ಟೈತಿ ಅಂತ ನೆವ ಮಾಡ್ಕೊಂಡು ನಿಲ್ಲತಾನ, ಆದ್ರ ಒಂದಿನಾನೂ ತಲಿ ಎತ್ತಿಲ್ಲ ಅಂತ ಅವರಿಗೆ ಭಾಳ ಖುಷಿ. ಇವತ್ತ ನೀ ನಿಂತ ಕೂಡ್ಲೆ ಒಳಗ ಕರದು ಬಾಯಿಗೆ ಸಕ್ಕರಿ ಹಾಕಿ ಸಂಬಂಧ ಗಟ್ಟಿ ಮಾಡೋರಿದ್ರು. ಹಿರ್ಯಾರೆಲ್ಲ ಕೂಡಿದ್ರು. ಕೈ ಮಾಡಿ ಕರದ್ರ ಹಾರ್ನ್ ಹೊಡ್ಕೊಂತ ಹೋದಿ."

ಅಶ್ಫಾಕ ಬ್ರೆಡ್ಡನ್ನು ಅಲ್ಲೇ ಬಿಟ್ಟು ಓಡಿದ. ಕಟ್ಟೆಯ ಮೇಲೆ ಸಕ್ಕರೆಯ ತಟ್ಟೆ ಇನ್ನೂ ಇತ್ತು. ಹಿರಿಯರ ಮುಖ ಗಂಟಿಕ್ಕಿತ್ತು. ಅವನು ಜೇಬಿನಿಂದ ಹಳೇ ಪೆಟ್ಟಿಗೆ ತೆಗೆದು ಅವರ ಮುಂದಿಟ್ಟ.

"ನನ್ನ ಮನಸ್ಸು ಬದಲಾಗಿಲ್ರಿ ಮಾಮೂ. ಇದು ಕಾದ ಕೂಡ್ಲೆ ಕಿಡಿ ಹೋಗತಿತ್ತು, ಗಾಡಿ ನಿಲ್ಲತಿತ್ತು. ಇವತ್ತ ನಾನ ಹುಡುಕಿ ರಿಪೇರಿ ಮಾಡೇನಿ. ಅದಕ್ಕ ನಿಲ್ಲಲಿಲ್ಲ."

ಮಲಂಗಸಾಬರು ಪೆಟ್ಟಿಗೆಯನ್ನು ತಿರುವಿ ಮುರುವಿ ನೋಡಿದರು.

"ಅಂದ್ರ ದಿನಾ ಖರೇನ ಕೆಡತಿತ್ತು?"

"ಅಲ್ಲಾನ ಆಣಿಗೂ ಖರೇ ರೀ," ಎಂದ ಅಶ್ಫಾಕ, ಎದೆ ಉಬ್ಬಿಸಿ.

"ಹಂಗಾರ ಇಷ್ಟ ದಿನ ನೀ ಇಲ್ಲಿ ನಿಂತಿದ್ದು ನಮ್ಮ ಅಮೀರಾನ ಸಲುವಾಗಿ ಅಲ್ಲ."

ಬಾಗಿಲ ಪರದೆ ಸರಿಯಿತು. ಅಮೀರಾ ಮುಖ ಊದಿಸಿಕೊಂಡು ಹೊರಗೆ ಬಂದು, ಅವನ ಕಡೆ ನೋಡದೆ, ಸಕ್ಕರೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.