ಗುಣಾಕಾರಕ್ಕೆ ಪಾಳಿ ಇಲ್ಲವೇನು?

ನಮ್ಮ ಅತ್ತೆ ಲೆಕ್ಕದಲ್ಲಿ ಈವರೆಗೆ ಒಮ್ಮೆಯೂ ತಪ್ಪಿದವಳಲ್ಲ. ತಪ್ಪಿರುವುದು ಗಣಿತ! ಹಾಗಂತ ಅವಳೇ ಹೇಳುತ್ತಾಳೆ. ಅವಳು ಅಪ್ಪನ ಅಕ್ಕ, ಇಳಕಲ್ಲಿನಲ್ಲಿ ಸೀರೆ ನೇಯುವವಳು. ನಾನು ಹುನಗುಂದದ ಶಾಲೆಯಲ್ಲಿ ಗಣಿತ ಕಲಿಸುವವಳು. ಆದರೇನು, ಅವಳ ಮಗ್ಗದ ಮುಂದೆ ನನ್ನ ಪದವಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ.

ಜಗಳದ ಮೂಲ ಇಷ್ಟೇ: 2 + 3 × 4. ಗುಣಾಕಾರ ಮೊದಲು, ಆದ್ದರಿಂದ ಹದಿನಾಲ್ಕು ಅಂತ ನಾನು. ಎರಡು ಮೂರು ಐದು, ಐದ್ನಾಲ್ಕಲೆ ಇಪ್ಪತ್ತು ಅಂತ ಅವಳು. ನಿಯಮ ಹೇಳಿದರೆ ಕೇಳುವ ಪೈಕಿಯೇ?

"ಹಿಂದ ನಿಂತಾಂವ ಮುಂದ ಹೆಂಗ ಬಂದ? ನಮ್ಮ ಮಠದ ಪಂಗ್ತ್ಯಾಗ ಸಾವಕಾರ ಬಂದು ಕುಂತ್ರೂ ಪಾಳಿ ಪ್ರಕಾರನ ಬಡಸ್ತಾರ. ಈ ಗುಣಾಕಾರ ಯಾವೂರ ಗೌಡ್ರೀ ಅಕ್ಕೋರ?"

ಅಕ್ಕೋರು ಅಂದರೆ ನಾನೇ. ಶಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ ಕರೆದು ಕುಟುಕುವುದು!

ಈ ನಿಯಮ ಯಾರು ಮಾಡಿದರು, ಯಾಕೆ ಮಾಡಿದರು, ಅಷ್ಟು ಗೊತ್ತಾಗದೆ ಅವಳಿಗೆ ಸಮಾಧಾನವಿಲ್ಲ. ಕೇಳದ ಮಾಸ್ತರರಿಲ್ಲ. ಒಮ್ಮೆ ಬನಶಂಕರಿಗೆ ಹೊರಟಾಗ ಬಸ್ಸಿನಲ್ಲಿ ಪಕ್ಕ ಕೂತವರು ನಿವೃತ್ತ ಗಣಿತ ಮಾಸ್ತರರೆಂದು ತಿಳಿಯಿತು. ಪಾಪ, ಬಾದಾಮಿಗೆ ಟಿಕೆಟ್ ತೆಗೆಸಿದ್ದ ಆ ಮನುಷ್ಯ ಗುಳೇದಗುಡ್ಡದಲ್ಲೇ ಇಳಿದುಹೋದರು!

ಕೊನೆಗೆ ಯಂತ್ರವೇ ತೀರ್ಪು ಕೊಡಲಿ ಅಂದೆ. ನನ್ನ ಮೊಬೈಲು ಹದಿನಾಲ್ಕು ಅಂದಿತು. ಅತ್ತೆ ಪಕ್ಕದ ಸೀರೆ ಅಂಗಡಿಯಿಂದ ಹಳೆಯ ಕ್ಯಾಲ್ಕ್ಯುಲೇಟರ್ ತರಿಸಿ ಒಂದೊಂದೇ ಗುಂಡಿ ಒತ್ತಿದಳು. ಇಪ್ಪತ್ತು! ಒತ್ತಿದ ಹಾಗೆ ಒಂದಾದ ಮೇಲೊಂದು ಲೆಕ್ಕ ಮುಗಿಸುವ ಯಂತ್ರವದು, ಅತ್ತೆಯ ಪಂಥದ್ದು. ಅಂದು ಓಣಿಗೆಲ್ಲ ಸಕ್ಕರೆ ಹಂಚಿದಳು.

ನಾನೇನು ಕಡಿಮೆಯೇ? ನಿನ್ನ ಮಗ್ಗದಲ್ಲೂ ಮೊದಲು, ಆಮೇಲೆ ಅಂತ ಇಲ್ಲವೇ, ಸೀರೆಯ ಮೈಯ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕಿ ಜೋಡಿಸದೆ ಸೆರಗು ನೇಯುತ್ತೀಯಾ ಅಂತ ಕೇಳಿದೆ.

"ಕೊಂಡಿ ತಪ್ಪಿದ್ರ ಸೆರಗು ಕೈಯಾಗ ಬಿಚ್ಚಿ ಬರ್ತೈತಿ. ತಪ್ಪಂತ ಎಳಿನ ಹೇಳ್ತೈತಿ. ನಿನ್ನ ಲೆಕ್ಕದಾಗ ಯಾರು ಹೇಳ್ತಾರ?"



ಹೋದ ತಿಂಗಳು ಬಾಗಲಕೋಟೆಯಲ್ಲಿ ಗಣಿತ ಕಲಿಸುವ ನಮಗೊಂದು ತರಬೇತಿ ಇತ್ತು. ನಾಚಿಕೆ ಬಿಟ್ಟು ಎದ್ದು ನಿಂತು ಅತ್ತೆಯ ಪ್ರಶ್ನೆಯನ್ನೇ ಕೇಳಿದೆ. ಕಲಿಸಲು ಬಂದಿದ್ದ ಹಿರಿಯರು ನಕ್ಕರು. ಅದು ಸತ್ಯ ಸುಳ್ಳಿನ ಮಾತಲ್ಲ, ಬರೆದದ್ದನ್ನು ಎಲ್ಲರೂ ಒಂದೇ ರೀತಿ ಓದಲಿ ಅಂತ ಜನ ಮಾಡಿಕೊಂಡ ಒಪ್ಪಂದ, ಬೇರೆ ರೀತಿ ಒಪ್ಪಿಕೊಂಡಿದ್ದರೂ ನಡೆಯುತ್ತಿತ್ತು ಅಂದರು.

ಇಳಕಲ್ಲಿಗೆ ಬಂದು ಅಷ್ಟನ್ನೂ ಅತ್ತೆಗೆ ಹೇಳಿದೆ. ಇನ್ನು ಇವಳನ್ನು ಹಿಡಿಯುವವರಿಲ್ಲ ಅಂದುಕೊಂಡಿದ್ದೆ. ಲಾಳಿ ನಿಂತಿತು.

"ಐದನೇ ಇಯತ್ತ್ಯಾಗ ಇದ ಲೆಕ್ಕಕ್ಕ ಇಪ್ಪತ್ತು ಬರದಿದ್ನಿ," ಅಂದಳು. "ಇಕಿ ತಲಿಗೆ ಏನೂ ಹತ್ತೂದಿಲ್ಲ, ಸಾಲಿ ಬಿಡಸ್ರಿ ಅಂತ ಮಾಸ್ತರು ಅಪ್ಪಗ ಹೇಳಿದ್ರು. ಮರುದಿನ ಮಗ್ಗಕ್ಕ ಕುಂತ್ನಿ."

ನನ್ನ ಮುಖ ನೋಡದೆ ಕೇಳಿದಳು:

"ಹಂಗಾರ ನಾ ದಡ್ಡಿ ಇದ್ದಿದ್ದಿಲ್ಲ, ಹೌದಲ್ಲ?"

"ಇದ್ದಿದ್ದಿಲ್ಲ ಅತ್ತಿ," ಅಂದೆ. ಇಪ್ಪತ್ತು ಅಂತ ಬರೆದ ಎಷ್ಟು ಮಕ್ಕಳಿಗೆ, ಯಾಕೆ ಹೀಗೆ ಬರೆದೆ ಅಂತ ಒಂದು ಮಾತೂ ಕೇಳದೆ, ನಾನು ಕೆಂಪು ಗೀಟು ಎಳೆದಿದ್ದೇನೋ! ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ.