ಉಸಿರಿಗೆ ಕಾದ ಗಿಟಾರು

ತಾಳ ತಪ್ಪುವವನಿಗೆ ತಾನು ತಪ್ಪುತ್ತಿದ್ದೇನೆಂದು ಗೊತ್ತಾಗುವುದಿಲ್ಲ. ಮಿಕ್ಕವರೇ ತಪ್ಪುತ್ತಿದ್ದಾರೆ ಅನಿಸುತ್ತದೆ. ಹತ್ತು ವರ್ಷ ನನ್ನ ಹೆಂಡತಿ ಸರಳಾ ಹಾಡುವಾಗಲೆಲ್ಲ ನಾನು ಗಿಟಾರು ಹಿಡಿದು ಪಕ್ಕದಲ್ಲಿ ಕೂತಿದ್ದೇನೆ, ಹತ್ತು ವರ್ಷವೂ ಅವಳಿಗಾಗಿ ಮರುಗಿದ್ದೇನೆ. ಬ್ಯಾಂಕು ನನ್ನನ್ನು ಧಾರವಾಡದಿಂದ ಕಾಶಿಗೆ ವರ್ಗ ಮಾಡಿದಾಗ ಹನುಮಾನ್ ಘಾಟಿನ ಮನೆಯ ಮೆಟ್ಟಿಲು ಮೊದಲು ಹತ್ತಿದ್ದೂ ಗಿಟಾರೇ. ಅಕ್ಕಿಯ ಚೀಲ ಆಮೇಲೆ ಬಂತು.

ಆ ಮಾಘದಲ್ಲಿ ಸರಳಾಳ ಚಿಕ್ಕಪ್ಪನ ಮಗಳು ವಿಜಯಾಳ ಮದುವೆ, ಧಾರವಾಡದಲ್ಲಿ. ಸರಳಾ ಕಂಕುಳಲ್ಲಿ ಎತ್ತಿ ಆಡಿಸಿದ ಹುಡುಗಿ. ನನಗೆ ರಜೆ ಸಿಗಲಿಲ್ಲ. ಒಬ್ಬಳನ್ನೇ ಎರಡು ದಿನದ ರೈಲಿಗೆ ಹತ್ತಿಸಲು ಧೈರ್ಯ ಬರಲಿಲ್ಲ. ಸರಳಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, “ನಾ ಅಂತೂ ಹೋಗೂದಿಲ್ಲ. ನನ್ನ ಆರತಿ ಹಾಡಾದ್ರೂ ಹೋಗಲಿ, ಕ್ಯಾಸೆಟ್ಟಿನಾಗ,” ಎಂದಳು. ತಪ್ಪು ನನ್ನದಾದ್ದರಿಂದ ನಾನು ಉದಾರಿಯಾದೆ. ಪೂರ್ತಿ ವಾದ್ಯಮೇಳವನ್ನೇ ಕೂಡಿಸುತ್ತೇನೆಂದೆ.

ಹಾಗೆನ್ನುವ ಧೈರ್ಯಕ್ಕೆ ಕಾರಣ, ಕೆಳಗಿನ ಮನೆಯ ಪಾಂಡೇಜಿ. ಕಂಪ್ಯೂಟರ್ ಪಾಠ ಹೇಳುವ ಅವರ ಬಳಿ ಹೊಸ ಸಾಫ್ಟ್‌ವೇರ್ ಬಂದಿತ್ತು. ಒಟ್ಟಿಗೆ ಮೀಟುವ ಸ್ವರಮೇಳಗಳ ಹೆಸರನ್ನು ಸಾಲಾಗಿ ಒತ್ತಿ, ವೇಗ ಹೇಳಿದರೆ, ಡ್ರಮ್ಮು, ಗಿಟಾರು ಎಲ್ಲ ತಾನೇ ಬಾರಿಸುತ್ತಿತ್ತು. ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟೆವು. ಸರಳಾ ಹಾಡಿದಳು, ಯಂತ್ರ ಬಾರಿಸಿತು, ಮೇಲೊಂದು ಗಿಟಾರಾಗಿ ನಾನೂ ಸೇರಿಕೊಂಡೆ. ಎರಡನೆಯ ಸಾಲಿಗೇ ಮೂವರೂ ಮೂರು ದಾರಿ ಹಿಡಿದೆವು. ನಾಲ್ಕು ಸಲ ಹೀಗೇ ಆಯಿತು.

“ಮಶೀನು ಯಾರ ಮಾತೂ ಕೇಳೋದಿಲ್ಲ ಭಾಯಿಸಾಹೇಬ್,” ಎಂದು ಪಾಂಡೇಜಿ ಹಿಂದಿಯಲ್ಲಿ ಸಮಾಧಾನ ಹೇಳಿದರು. ನಾನು ಸರಳಾಳಿಗೆ, “ನೀನು ಸ್ವಲ್ಪ ತಾಳ ಹಿಡಿದು ಹಾಡು. ಅದು ನಿನಗಾಗಿ ನಿಲ್ಲೋದಿಲ್ಲ,” ಎಂದೆ.

ಅವಳು ಸಿಟ್ಟಾಗಲಿಲ್ಲ. “ಹತ್ತು ವರ್ಷ ನನ್ನ ಜೋಡಿ ಬಾರಿಸೀರಿ. ನಾ ಎಲ್ಲಿ ಉಸಿರು ತಗೋತೀನಿ, ನಿಮಗ ಗೊತ್ತದ ಏನ್ರಿ? ಪಾಪ, ಈ ಮಶೀನು ನಿನ್ನೆ ಬಂದದ್ದು, ಅದಕ್ಕ ಹೆಂಗ ಗೊತ್ತಾಗಬೇಕು?”

ಪಾಂಡೇಜಿಗೆ ಕನ್ನಡ ಬರುವುದಿಲ್ಲ. ಆದರೂ ನಕ್ಕರು.

ಗಿಟಾರನ್ನು ಗೋಡೆಗೆ ಒರಗಿಸಿ, ಬರಿಗೈಯಲ್ಲಿ ಕೂತು ಅವಳ ಹಾಡು ಕೇಳಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಪ್ರತಿ ನುಡಿಯ ಕೊನೆಗೆ ಅವಳು ಒಂದಿಷ್ಟು ನಿಲ್ಲುತ್ತಿದ್ದಳು, ಎದುರಿಗೆ ಮದುಮಗಳು ಕೂತಿದ್ದಾಳೇನೋ ಎಂಬಂತೆ. ಆ ಜಾಗಗಳನ್ನೆಲ್ಲ ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಪಾಂಡೇಜಿ ಅಲ್ಲೆಲ್ಲ ತಾಳದ ಒಂದೊಂದು ಆವರ್ತ ಹೆಚ್ಚಿಗೆ ಸೇರಿಸಿ, ಡ್ರಮ್ಮು ತೆಗೆದು, ಬರೀ ಗಿಟಾರು ಉಳಿಸಿದರು. ಈ ಸಲ ಯಂತ್ರ ಅವಳಿಗಾಗಿ ನಿಂತಿತು. ನನ್ನ ಪಾಲಿಗೆ ಟೇಪಿನ ಗುಂಡಿ ಒತ್ತುವ ಕೆಲಸ ಬಂತು. ಅದನ್ನು ತಪ್ಪಿಲ್ಲದೆ ಮಾಡಿದೆ.

ಕ್ಯಾಸೆಟ್ಟು ಅಂಚೆಯಲ್ಲಿ ಹೋಯಿತು. ಮದುವೆಯಾಗಿ ಹದಿನೈದು ದಿನಕ್ಕೆ ಚಿಕ್ಕಪ್ಪನ ಕಾಗದ ಬಂತು. ಸರಳಾ ಗಟ್ಟಿಯಾಗಿ ಓದಿದಳು: “ಹಾಡು ಕೇಳಿ ವಿಜಯಾ ಅತ್ತಳು. ಕಾಶಿ ಅಳಿಯಂದಿರ ಗಿಟಾರಿನ ಕೈ ಭಾಳ ಹದಕ್ಕ ಬಂದದ. ಮೊದಲೆಲ್ಲ ಹಾಡಿನ ಬೆನ್ನಟ್ಟಿ ಓಡತಿದ್ರು, ಈಗ ನಿಂತು ಕೇಳತಾರ.” ಆ ಸಾಲನ್ನು ಇನ್ನೊಮ್ಮೆ ಓದಿ ನನ್ನ ಮುಖ ನೋಡಿದಳು. “ಉತ್ತರ ನಾ ಬರೀಲೋ, ನೀವು ಬರೀತೀರೋ?”

ನಾನೇ ಬರೆದೆ. ಕಾಶಿಯ ಚಳಿಯ ಬಗ್ಗೆ ಮೂರು ಪುಟ.